ಮುಚ್ಚಿದ ವಿಳಾಸದಲ್ಲಿ ಒಂಬತ್ತಿಂಚು ಮಳೆ

ಮೊದಲು ನಿಮಗೊಂದು ಮಾತು. ಕಳೆದ ವಾರದ ಭಾಗ ಕೇಳಿದ ಇಬ್ಬರು ಮಹಾಶಯರು ನನಗೇ ತಿರುಗಿ ವಾಯ್ಸ್ ನೋಟ್ ಕಳುಹಿಸಿದ್ದಾರೆ. ಒಬ್ಬನ ಪ್ರಕಾರ ಹೊನ್ನೆಬಾಣೆಯ ಗುಡ್ಡ ಜಾರಿದ್ದು ಇಪ್ಪತ್ತನೇ ತಾರೀಖು. ಇನ್ನೊಬ್ಬಳ ಪ್ರಕಾರ ನನಗೆ ಅರಳುಮರಳು. ನಿಮ್ಮ ಮನೆಯ ವೈಫೈ ಪಾಸ್‌ವರ್ಡನ್ನು ಗೋಡೆಗೆ ಅಂಟಿಸಿಕೊಂಡು ಬದುಕುವವರು ನೀವು, ನನ್ನ ನೆನಪಿನ ತಂಟೆಗೆ ಬರುತ್ತೀರಾ? ಜುಲೈ ಹತ್ತೊಂಬತ್ತು, ಶನಿವಾರ, ಬೆಳಿಗ್ಗೆ ಹತ್ತು ನಲವತ್ತು. ಬೇಕಾದರೆ ಬರೆದಿಟ್ಟುಕೊಳ್ಳಿ. ನಾನು ಬರೆದುಕೊಂಡಿಲ್ಲ, ನನಗೆ ಬೇಡ.

ಆ ದಿನ ಮಳೆಪುಸ್ತಕದಲ್ಲಿ ಹೊನ್ನೆಬಾಣೆಗೆ ಬರೀ ಮೂರಿಂಚು ಇಪ್ಪತ್ತು ಸೆಂಟು ಎಂದಿತ್ತು, ಅದಕ್ಕೇ ಸೈರನ್ ಕೂಗಲಿಲ್ಲ, ತೋಟದ ಕೂಲಿ ಜವರಿಯ ಎರಡೂ ಕಾಲು ಕುಸಿದ ಗೋಡೆಯ ಅಡಿಗೆ ಹೋಯಿತು, ಮತ್ತು ಆ ಮೂರಿಂಚನ್ನು ಬರೆದದ್ದು ಸಂಘದ ಮಳೆಪುಸ್ತಕ ನೋಡಿಕೊಳ್ಳುವ ಕವನಾಳ ಪಾಸ್‌ವರ್ಡ್. ಇಷ್ಟು ತಿಳಿದಿದ್ದರೆ ಸಾಕು. ಈಗ ಬಾಯಿ ಮುಚ್ಚಿ ಕೇಳಿ.

"ನಾ ಒಂಬತ್ತಿಂಚು ಇಪ್ಪತ್ತೇ ಕಳ್ಸಿದ್. ಇನ್ನೆಷ್ಟ್ ಸಲ ಹೇಳೊಕು ನಿಂಗೆ?"

ಗಂಗಮ್ಮ ಮಳೆ ಅಳೆಯುವ ಗ್ಲಾಸನ್ನು ತೀರ್ಥಪ್ರಸಾದನ ಮೂಗಿಗೇ ತಾಗುವಂತೆ ಹಿಡಿದರು. ಎಪ್ಪತ್ತೊಂದು ವಯಸ್ಸು. ನಲವತ್ತು ವರ್ಷದಿಂದ ಹೊನ್ನೆಬಾಣೆ ತೋಟದ ಮಳೆ ಅವರ ಕೈಯಲ್ಲೇ ಅಳತೆಯಾಗಿದೆ. ಬೆಳಿಗ್ಗೆ ಎಂಟಕ್ಕೆ ಅಂಗಳದ ಮಾಪಕದ ನೀರನ್ನು ಗ್ಲಾಸಿಗೆ ಸುರಿದು, ಇಂಚು, ಇಂಚಿನ ನೂರನೇ ಪಾಲಾದ ಸೆಂಟು ನೋಡಿ ಕಳುಹಿಸದೆ ಅವರು ಕಾಫಿ ಬಾಯಿಗೆ ಹಾಕಿದವರಲ್ಲ.

"ಗೊತ್ತುಟ್ಟು ಗಂಗಕ್ಕ. ಕೋಪ ಮಾಡ್ಬೇಡಿ."

"ಕೋಪ ಅಲ್ಲದೆ ಎಂತ? ಊರ್ಲಿ ಕೆಲವ್ಕೆ ಈಗ ಸಂಶಯ. ಗಂಗಮ್ಮಂಗೆ ಕಣ್ಣಿಲ್ಲೆ ಅಂತೇಳಿ ಮಾತಾಡ್ತಾ ಒಳೊ."

ತೀರ್ಥಪ್ರಸಾದ್ ಗ್ಲಾಸನ್ನು ಮೆಲ್ಲಗೆ ಮೂಗಿನಿಂದ ಆಚೆ ಸರಿಸಿದ. ಅಂಚೆ ಇಲಾಖೆಯಲ್ಲಿ ಮೂವತ್ತೈದು ವರ್ಷ ಕಳೆದುಹೋದ ಪಾರ್ಸಲ್ ಹುಡುಕಿ ನಿವೃತ್ತನಾದ ಇನ್ಸ್‌ಪೆಕ್ಟರ್ ಅವನು. ಕಳುಹಿಸಿದೆ ಎಂದು ಆಣೆ ಹಾಕುವವರನ್ನು ಸಾವಿರ ಜನ ನೋಡಿದ್ದಾನೆ. ಅವರಲ್ಲಿ ಅರ್ಧ ಜನ ಸುಳ್ಳರು. ಗಂಗಮ್ಮ ಆ ಅರ್ಧದವರಲ್ಲ. ಹಾಗಾದರೆ ಒಂಬತ್ತಿಂಚು ಮಳೆ ಎಲ್ಲಿಗೆ ಹೋಯಿತು?

ಶುಕ್ರವಾರ. ಆಗಲೇ ಹತ್ತು ಗಂಟೆ. ಸಾಯಂಕಾಲ ನಾಲ್ಕಕ್ಕೆ ಬೆಳೆಗಾರರ ಸಂಘದ ಕಮಿಟಿ ಕೂರುತ್ತದೆ. ಗಂಗಮ್ಮ ಕಳುಹಿಸಿದ ಅಳತೆಯನ್ನು ಕವನ ತಿದ್ದಿದಳು ಎಂದು ಠರಾವು ಮಾಡಿ, ಪೊಲೀಸರಿಗೆ ದೂರು ಕೊಡುತ್ತದೆ. ಆಮೇಲೆ ಜವರಿಯ ಕಾಲು ಕಳೆದವಳು ಎಂಬ ಹೆಸರು ಆ ಹುಡುಗಿಗೆ ಚಿತೆಯ ತನಕ. ಕೇಳಿದರೆ ಅವಳದ್ದು ಒಂದೇ ಮಾತು, "ನಾನು ತಿದ್ದಿಲ್ಲ." ಅದರ ಮುಂದೆ ತುಟಿ ಬಿಚ್ಚುವುದಿಲ್ಲ. ಅವಳಿಗಾಗಿ ಸತ್ಯ ಹುಡುಕಿ ಹುಡುಕಿ ಆರು ದಿನದಿಂದ ತೀರ್ಥಪ್ರಸಾದನಿಗೆ ತಲೆಕೆಟ್ಟು ಹೋಗಿತ್ತು.

ತಲೆಕೆಡಿಸಿದ್ದು ಅವಳೊಬ್ಬಳೇ ಅಲ್ಲ. ಆ ದರಿದ್ರ ವೆಬ್‌ಸೈಟು.

ಮಾದಾಪುರದ ಸುತ್ತಿನ ನಲವತ್ತೊಂದು ತೋಟಗಳ ಮಳೆಯನ್ನು ದಿನವೂ ಬರೆದಿಡುವುದು ಮಳೆಪುಸ್ತಕ. ಎಲ್ಲಿಯಾದರೂ ಎಂಟಿಂಚು ದಾಟಿದರೆ ಪುಟ ಕೆಂಪಾಗಿ, ಆ ಗುಡ್ಡದ ಅಡಿಯ ಕೂಲಿಯವರ ಲೈನ್‌ಮನೆಗಳ ಸೈರನ್ ತಾನಾಗಿ ಕೂಗುತ್ತದೆ. ಆರು ವರ್ಷ ಅದಕ್ಕೆ ಹೆಸರೇ ಇರಲಿಲ್ಲ. ಫೋನಿನಲ್ಲಿ ಒತ್ತುವ ವಿಳಾಸವೇ ನಾಲ್ಕು ತುಂಡಿನ ಒಂದು ನಂಬರು. ಇನ್ನೂರ ಮೂರು, ಸೊನ್ನೆ, ನೂರ ಹದಿಮೂರು, ನಲವತ್ತೇಳು. ಜನ ಅದನ್ನು ಮಗಳ ಫೋನ್ ನಂಬರಿನ ಹಾಗೆ ಬಾಯಿಪಾಠ ಮಾಡಿದ್ದರು. ಕಣದ ಶೆಡ್ಡಿನ ಗೋಡೆಗೆ ಕೆಂಪು ಪೈಂಟಿನಲ್ಲಿ ಬರೆಸಿದವರೂ ಇದ್ದರು. ಈ ಏಪ್ರಿಲ್‌ನಲ್ಲಿ ಸಂಘದ ಅಧ್ಯಕ್ಷ ಮೊಣ್ಣಪ್ಪನಿಗೆ ನಂಬರು ನಾಚಿಕೆಗೇಡು ಅನ್ನಿಸಿತು. 'ಮಳೆಪುಸ್ತಕ ಡಾಟ್ ಇನ್' ಎಂದು ಹೆಸರಿಡಿಸಿದ. ಹಾರ ಹಾಕಿ, ದೀಪ ಹಚ್ಚಿ, ಹಳೆ ನಂಬರು ಇಂದಿಗೆ ಮುಚ್ಚಿತು, ನಲವತ್ತೊಂದು ತೋಟವೂ ಹೆಸರಿಗೆ ಬಂದಾಯಿತು ಎಂದು ಮೈಕಿನಲ್ಲಿ ಕೂಗಿದ.

ತೀರ್ಥಪ್ರಸಾದ್ ತನ್ನ ಫೋನಿನಲ್ಲಿ ಹೆಸರು ಒತ್ತಿದ. ಬಿಳಿ ಪರದೆ. ಮತ್ತೆ ಒತ್ತಿದ. ಪುಟ ಬಂತು. ಜುಲೈ ಎಂದು ಬರೆದಲ್ಲಿ ಬೆರಳಿಟ್ಟ. ಚಕ್ರ ತಿರುಗಿತು, ತಿರುಗಿತು, ಈ ಸೈಟು ಸಿಗುವುದಿಲ್ಲ ಎಂದಿತು.

"ಥೂ ನಿನ್ನ!"

"ಹಂದಿಗೂಡು ಹತ್ರ ಹೋಗು. ಅಲ್ಲಿ ಎರಡ್ ಕಡ್ಡಿ ಸಿಗ್ನಲ್ ಸಿಕ್ಕಿದೆ," ಎಂದರು ಗಂಗಮ್ಮ.

ಇಲಾಖೆಯ ಇನ್ಸ್‌ಪೆಕ್ಟರ್ ಆಗಿದ್ದವನು ಹಂದಿಗೂಡಿನ ಪಕ್ಕ ಕೊಡೆ ಹಿಡಿದು ನಿಂತ. ಹಂದಿ ಅವನನ್ನು ನೋಡಿ ಗುರ್ ಎಂದಿತು, ಅವನೂ ಹಂದಿಗೆ ಗುರ್ ಎಂದ. ಜುಲೈ ಪುಟ ತೆರೆಯಿತು. ಹದಿನೇಳು: ಎರಡಿಂಚು ಹತ್ತು. ಹದಿನೆಂಟು: ನಾಲ್ಕು ಅರವತ್ತೈದು. ಹತ್ತೊಂಬತ್ತು: ಮೂರು ಇಪ್ಪತ್ತು. ಆರು ದಿನದಿಂದ ನೋಡಿ ನೋಡಿ ಕಣ್ಣು ಬಿದ್ದುಹೋದ ಅದೇ ಸಾಲು.

"ಗಂಗಕ್ಕ, ನೀವು ಹೇಗೆ ಕಳ್ಸುವುದು? ಒಮ್ಮೆ ನನ್ನ ಎದುರು ಮಾಡಿ ತೋರ್ಸಿ."

ಆರು ದಿನದಲ್ಲಿ ಯಾರೂ ಅವರನ್ನು ಇದನ್ನು ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ. ಅದೇ ತಪ್ಪು.

ಗಂಗಮ್ಮ ಸೆರಗಿನಲ್ಲಿ ಬೆರಳು ಒರೆಸಿಕೊಂಡು ತಮ್ಮ ಫೋನಿನ ಮುಖದ ಮೇಲಿದ್ದ ನೀಲಿ ಕೊಡೆಯ ಚಿತ್ರ ಒತ್ತಿದರು. ಪುಟ ಥಟ್ಟನೆ ತೆರೆಯಿತು. ಅದೇ ಬಣ್ಣ, ಅದೇ ಮೋಡದ ಚಿತ್ರ, ಅದೇ ಖಾಲಿ ಚೌಕ. ಆ ಬೆಳಿಗ್ಗೆ ಕಳುಹಿಸಿದ್ದರ ಪಕ್ಕ ಹಸಿರು ಗುರುತು. ತಲುಪಿತು.

"ಕಂಡಾ? ದಿನಾ ಹಿಂಗೇ ಹಸಿರು ಬಂದದೆ."

ತೀರ್ಥಪ್ರಸಾದ್ ಕನ್ನಡಕ ಏರಿಸಿ ಪುಟದ ನೆತ್ತಿ ನೋಡಿದ. ಅಲ್ಲಿ ಹೆಸರಿರಲಿಲ್ಲ.

ಇನ್ನೂರ ಮೂರು. ಸೊನ್ನೆ. ನೂರ ಹದಿಮೂರು. ನಲವತ್ತೇಳು.

ಮೂರು ತಿಂಗಳ ಹಿಂದೆ ಬೀಗ ಹಾಕಿದ ಪೋಸ್ಟಾಫೀಸು, ಅದರ ಡಬ್ಬಿಯಲ್ಲಿ ಇವತ್ತಿನ ಕಾಗದ. ಯಾರೋ ಮುದ್ರೆಯನ್ನೂ ಒತ್ತಿ ಕೊಡುತ್ತಿದ್ದಾರೆ.

ಬೆರಳಿನಿಂದ ಕೆಳಗೆ ಎಳೆದ. ಜುಲೈ ಹತ್ತೊಂಬತ್ತು, ಬೆಳಿಗ್ಗೆ ಎಂಟು ಗಂಟೆ ಆರು ನಿಮಿಷ: ಒಂಬತ್ತಿಂಚು ಇಪ್ಪತ್ತು.

"ನಾ ಹೇಳ್ತಿಲ್ಲೆನಾ?" ಗಂಗಮ್ಮ ಸೆರಗಿನಿಂದ ಫೋನಿನ ಗಾಜು ಒರೆಸಿದರು. "ಆ ಜವರಿ ಗುಡ್ಡ ಜಾರುವ ಎರಡ್ ದಿನ ಮೊದ್ಲು ನಂಗೆ ಬಿದಿರ್ ಕಣಿಲೆ ತಂದ್ ಕೊಟ್ಟಿತ್."

ಅವನು ಸಮಾಧಾನ ಹೇಳಲಿಲ್ಲ. ಹೇಳಲು ಬರುತ್ತಿರಲಿಲ್ಲ. ಎರಡೂ ಫೋನನ್ನು ಜಗಲಿಯ ಮೇಲೆ ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿದ. ಇಲ್ಲೇ ವಿಚಿತ್ರ. ಗಂಗಮ್ಮ ಒಂದು ದಿನವೂ ಹೊಸ ಹೆಸರಿಗೆ ಕಳುಹಿಸಿಯೇ ಇಲ್ಲ. ಆದರೂ ಹೊಸ ಪುಸ್ತಕದಲ್ಲಿ ಹೊನ್ನೆಬಾಣೆಯ ಮಳೆ ದಿನ ತಪ್ಪದೆ ಉಂಟು. ಹದಿನೇಳು, ಎರಡೂ ಕಡೆ ಎರಡು ಹತ್ತು. ಹದಿನೆಂಟು, ಎರಡೂ ಕಡೆ ನಾಲ್ಕು ಅರವತ್ತೈದು. ಜೂನ್, ಮೇ, ಎಲ್ಲವೂ ಸೆಂಟಿಗೆ ಸೆಂಟು ಸರಿ. ಬೇರೆ ಆಗಿರುವುದು ಒಂದೇ ದಿನ.

ತಾನಾಗಿ ಹೋಗುತ್ತಿದ್ದರೆ ಹತ್ತೊಂಬತ್ತೂ ಸರಿಯಾಗಿಯೇ ಹೋಗಬೇಕಿತ್ತು. ಯಾರೋ ಹಳೆಯ ಡಬ್ಬಿಯಿಂದ ದಿನವೂ ಕೈಯಲ್ಲಿ ಎತ್ತಿ ಹೊಸ ಡಬ್ಬಿಗೆ ಹಾಕುತ್ತಿದ್ದಾರೆ. ಮೂರು ತಿಂಗಳು ತಪ್ಪಿಲ್ಲ. ಒಂದು ದಿನ ತಪ್ಪಿದ್ದಾರೆ, ಅಥವಾ ತಪ್ಪಿಸಿದ್ದಾರೆ.

ಮಡಿಕೇರಿಗೆ ಹೋಗುವ ಬಸ್ಸಿನಲ್ಲಿ ಕೂತು ಮೊದಲು ಮೊಣ್ಣಪ್ಪನಿಗೆ ಫೋನು ಮಾಡಿದ.

"ಹಳೆ ನಂಬರ್ ಇನ್ನೂ ಬದುಕಿ ಉಂಟು, ಮೊಣ್ಣಪ್ಪ."

"ಎಂತ ತಮಾಷೆ ಮಾರಾಯ? ನಾನೇ ಮುಚ್ಚಿಸಿದ್ದು. ಉದ್ಘಾಟನೆಯ ಫೋಟೋ ಉಂಟು ನನ್ನತ್ರ."

"ಫೋಟೋ ತೆಗೆದರೆ ಮುಚ್ಚುತ್ತದಾ? ಯಾರಿಗೆ ಹೇಳಿದ್ದು ಮುಚ್ಲಿಕ್ಕೆ?"

"ಆ ಸೋಮವಾರಪೇಟೆ ಕಡೆಯ ಹುಡುಗ, ಮಡಿಕೇರಿಯ ಕಂಪ್ಯೂಟರ್ ಅಂಗಡಿ ನವೀನ್‌ಕುಮಾರ್. ನೋಡು ತೀರ್ಥ, ನಾಲ್ಕು ಗಂಟೆ ಅಂದ್ರೆ ನಾಲ್ಕು ಗಂಟೆ. ಜವರಿಯ ಕಡೆಯವರು ಹೊರಗೆ ಬಂದು ಕೂರ್ತಾರೆ. ನಾನು ಅವರಿಗೆ ಒಂದು ಹೆಸರು ಹೇಳ್ಬೇಕು."

"ಸರಿಯಾದ ಹೆಸರು ಹೇಳು."

"ನೀನು ಬೇರೆ ತಂದು ಕೊಡದಿದ್ರೆ ಇರೋದನ್ನೇ ಹೇಳೋದು."

ಫೋನು ಇಟ್ಟದ್ದೇ ತಡ, ಮನೆಯಿಂದ ಯಮುನ. ತೀರ್ಥಪ್ರಸಾದನ ಹೆಂಡತಿ. ಮಾದಾಪುರದ ಶಾಲೆಯಲ್ಲಿ ಮೂರು ತಲೆಮಾರಿಗೆ ಮಗ್ಗಿ ಕಲಿಸಿದ ಟೀಚರ್. ಕವನಾಳಿಗೂ ಅವಳೇ ಕಲಿಸಿದ್ದು.

"ಎಂತಾದ್ರೂ ಸಿಕ್ಕಿತಾ?"

"ಸಿಕ್ಕಿದ ಹಾಗೆ ಉಂಟು. ಯಾರೋ ಅಳತೆಯನ್ನು ಕೈಯಲ್ಲಿ ಎತ್ತಿ ಹಾಕ್ತಾ ಇದ್ದಾರೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಸಿಗ್ನಲ್ ಹೋಯಿತೇನೋ ಎಂದು ಅವನು ಹಲೋ ಹಲೋ ಎಂದು ಬಸ್ಸಿಗೆಲ್ಲ ಕೇಳುವಂತೆ ಕಿರುಚಿದ.

"ಕೇಳ್ತದೆ, ಕಿರುಚಬೇಡಿ. ಊಟಕ್ಕೆ ಬರ್ತೀರಾ?"

"ಊಟ ಗೀಟ ಇಲ್ಲ ಇವತ್ತು!"

ಮಡಿಕೇರಿಯಲ್ಲಿ ನವೀನನ ಅಂಗಡಿಯ ಮೆಟ್ಟಿಲ ಮೇಲೆ, ಅವನು ಬರಹೇಳಿದ್ದ ಕವನ ಕಾಯುತ್ತಿದ್ದಳು. ಮೂವತ್ತೆರಡು ವರ್ಷ, ಆರು ದಿನದಲ್ಲಿ ನಲವತ್ತರವಳ ಹಾಗೆ ಕಾಣುತ್ತಿದ್ದಳು. ಮಳೆ ನೀರು ಕೊಡೆಯಿಂದ ಅವಳ ಬೆನ್ನಿಗೇ ಇಳಿಯುತ್ತಿದ್ದರೂ ಸರಿಸಿಕೊಂಡಿರಲಿಲ್ಲ.

"ಮಾವ, ವಾಪಸ್ ಹೋಗುವ. ನಾನೇ ಮಾಡಿದ್ದು ಅಂತ ಬರೆದು ಕೊಡ್ತೇನೆ. ಮುಗೀಲಿ."

"ಮಾಡಿದ್ಯಾ?"

ಅವಳು ಕೊಡೆ ಮಡಚತೊಡಗಿದಳು.

"ಮಾಡದೆ ಇದ್ದದ್ದನ್ನು ಬರೆದು ಕೊಡ್ಲಿಕ್ಕೆ ನಿನಗೆ ಹುಚ್ಚಾ? ನಡಿ ಒಳಗೆ."

ಬಾಗಿಲಲ್ಲಿ ನವೀನ್‌ಕುಮಾರ್ ನಗುತ್ತಲೇ ಎದುರಾದ. ಆ ನಗೆಯನ್ನು ಆರು ದಿನದಲ್ಲಿ ತೀರ್ಥಪ್ರಸಾದ್ ನಾಲ್ಕು ಸಲ ನೋಡಿದ್ದ. ಮೊದಲ ಸಲ ಸರ್ವರ್ ಡೌನು. ಎರಡನೇ ಸಲ ಕರೆಂಟಿಲ್ಲ. ಮೂರನೇ ಸಲ ಕಂಪೆನಿಯವರಿಗೆ ಕಂಪ್ಲೇಂಟ್ ಟಿಕೆಟ್ ಹಾಕಿದೀನಿ ಸಾರ್. ನಾಲ್ಕನೇ ಸಲ ಟಿಕೆಟ್ ಕ್ಲೋಸ್ ಆಗೈತೆ ಸಾರ್, ಇನ್ನೊಂದ್ ಹಾಕಬೇಕು.

"ಬನ್ನಿ ಸಾರ್, ಕೂತ್ಕಳಿ. ಫೋನಲ್ಲಿ ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡುದ್ರಾ?"

"ನನ್ನ ತಾಳ್ಮೆ ಕ್ಲಿಯರ್ ಆಗಿದೆ. ಹಳೆ ನಂಬರ್ ಯಾಕೆ ಮುಚ್ಚಿಲ್ಲ?"

ನಗೆ ನಿಂತಿತು. "ಯಾವ್ ನಂಬರ್ ಸಾರ್?"

"ಇನ್ನೂರ ಮೂರು, ಸೊನ್ನೆ, ನೂರ ಹದಿಮೂರು, ನಲವತ್ತೇಳು. ಪೂರ್ತಿ ಹೇಳಿದೆ. ಇನ್ನು ಗೊತ್ತಿಲ್ಲ ಅಂದ್ರೆ ನಾಲ್ಕು ಗಂಟೆಗೆ ನಿನ್ನನ್ನೂ ಕುತ್ತಿಗೆ ಪಟ್ಟಿ ಹಿಡಿದು ಮಾದಾಪುರಕ್ಕೆ ಕರ್ಕೊಂಡು ಹೋಗ್ತೇನೆ."

"ಸಾರ್, ಕೂಗಾಡ್ಬೇಡಿ, ಗಿರಾಕಿ ಬತ್ತಾರೆ."

"ಬರ್ಲಿ. ಅವರೂ ಕೇಳ್ಲಿ. ಹೆಸರು ಹಾಕಿದ ಮೇಲೆ ನಂಬರಿಗೆ ಬಂದವರನ್ನು ಹೆಸರಿಗೆ ಕಳ್ಸಬೇಕಾ ಬೇಡ್ವಾ? ನಮ್ಮ ಇಲಾಖೆಯಲ್ಲಿ ಮನೆ ಬದಲಾದರೆ ಒಂದು ಅರ್ಜಿ, ಕಾಗದ ತಾನಾಗಿ ಹೊಸ ಮನೆಗೆ ಹೋಗ್ತದೆ. ಬ್ರಿಟಿಷರ ಕಾಲದಿಂದ ಹೋಗ್ತದೆ!"

"ಕಳ್ಸಿದ್ದೆ ಸಾರ್!" ನವೀನನೂ ದನಿ ಏರಿಸಿದ. "ಮೊದಲನೇ ದಿನವೇ ತಿರುಗ್ಸಿ ಹಾಕಿದ್ದೆ. ಏನಾಯ್ತು ಗೊತ್ತಾ? ಹಳೇ ಫೋನ್‌ಗಳಲ್ಲಿ ಕೆಂಪು ಪರದೆ ಬಂತು. ಇದು ಸುರಕ್ಷಿತ ಅಲ್ಲ, ನಿಮ್ಮ ಮಾಹಿತಿ ಕದೀಬೋದು ಅಂತ. ವಯಸ್ಸಾದವ್ರು ಹೆದರ್ಕೊಂಡು ಫೋನ್ ಆಫ್ ಮಾಡಿ ಅಕ್ಕಿ ಡಬ್ಬದಲ್ಲಿ ಇಟ್ಬುಟ್ರು. ಎರಡು ದಿನ ಒಂಬತ್ತು ತೋಟದ ಮಳೇನೇ ಬರ್ಲಿಲ್ಲ. ಅದುಕ್ಕೇ ತಿರುಗ್ಸಿದ್ದು ತೆಗೆದು, ಹಳೇದನ್ನ ಹಂಗೇ ಬಿಡು ಅಂದ್ರು. ಬಿಟ್ಟೆ."

"ಯಾರು ಅಂದದ್ದು?"

ನವೀನನ ಕಣ್ಣು ತೀರ್ಥಪ್ರಸಾದನ ಭುಜದ ಹಿಂದಕ್ಕೆ ಹೋಯಿತು.

ಹಿಂದೆ ಇದ್ದದ್ದು ಕವನ ಒಬ್ಬಳೇ.

ತೀರ್ಥಪ್ರಸಾದ್ ನಿಧಾನ ತಿರುಗಿದ. ಆರು ದಿನ. ಈ ಹುಡುಗಿಗಾಗಿ ಹಂದಿಗೂಡಿನಲ್ಲಿ ನಿಂತಿದ್ದಾನೆ, ಬಸ್ಸಿನಲ್ಲಿ ಕುಲುಕಾಡಿದ್ದಾನೆ, ಮೂವತ್ತೈದು ವರ್ಷದ ಸ್ನೇಹಿತ ಮೊಣ್ಣಪ್ಪನ ಹತ್ತಿರ ಬೈಸಿಕೊಂಡಿದ್ದಾನೆ.

"ನೀನಾ?"

"ನಾನೇ."

"ದಿನಾ ಹಳೆಯದನ್ನು ನೋಡಿ ಹೊಸದಕ್ಕೆ ಬರೆದದ್ದು?"

"ನಾನೇ, ಮಾವ. ಒಂಬತ್ತು ಜನದ್ದೂ." ಅವಳು ಗೋಡೆಗೆ ಒರಗಿ ನಿಂತಳು. "ಮೂರು ಸಲ ಮನೆ ಮನೆಗೆ ಹೋಗಿ ಫೋನಲ್ಲಿ ಹೊಸ ಹೆಸರು ಹಾಕಿ ಕೊಟ್ಟೆ. ನಾನು ಗೇಟ್ ದಾಟುವ ಮೊದಲೇ ಹಳೆಯದನ್ನೇ ಒತ್ತುತ್ತಿದ್ರು. ಗಂಗಜ್ಜಿ ಅಂತೂ ಹೊಸ ಚಿತ್ರ ನೋಡಿ, ಇದು ನಮ್ಮ ಕೊಡೆ ಅಲ್ಲ ಅಂತ ಅಳಿಸಿಯೇ ಬಿಟ್ರು."

"ಕಮಿಟಿಗೆ ಹೇಳ್ಬಾರ್ದಿತ್ತಾ?"

"ಹೇಳ್ಲಿಕ್ಕೆ ಹೋದೆ. ಅಷ್ಟರಲ್ಲಿ ಅಧ್ಯಕ್ಷರು ಮೈಕಲ್ಲಿ ನಲವತ್ತೊಂದೂ ಬಂತು ಅಂತ ಹೇಳಿ ಆಗಿತ್ತು. ಒಂಬತ್ತು ಬಂದಿಲ್ಲ ಅಂದಿದ್ರೆ ಆ ಒಂಬತ್ತು ಜನರ ಮಾಪಕ ಕಿತ್ತು ಬೇರೆಯವರಿಗೆ ಕೊಡಿ ಅಂತಿದ್ರು. ಗಂಗಜ್ಜಿಯ ಕೈಯಿಂದ ಮಳೆ ಕಿತ್ಕೊಂಡ್ರೆ ಅವರು ಎಂತ ಮಾಡ್ತಾರೆ, ಮಾವ? ಎಂಟು ಗಂಟೆಗೆ ಒಂಬತ್ತು ಸಾಲು ಬರೆಯುವುದು, ಹತ್ತು ನಿಮಿಷದ ಕೆಲಸ. ನಾನೇ ಮಾಡ್ತೇನೆ ಅಂದ್ಕೊಂಡೆ."

ತೀರ್ಥಪ್ರಸಾದನಿಗೆ ಅವಳ ಕಪಾಳಕ್ಕೆ ಒಂದು ಕೊಡಬೇಕು ಅನ್ನಿಸಿತು, ಅವಳ ತಲೆ ಸವರಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ಅವನ ಇಲಾಖೆಯಲ್ಲೂ ಇಂಥ ಒಬ್ಬ ಪೋಸ್ಟ್‌ಮ್ಯಾನ್ ಇದ್ದ. ವಿಳಾಸ ತಪ್ಪಾದ ಕಾಗದವನ್ನು ವಾಪಸು ಕಳುಹಿಸಲು ಮನಸ್ಸಾಗದೆ, ಬಿಡುವಿನಲ್ಲಿ ನಡೆದೇ ಹೋಗಿ ಕೊಟ್ಟು ಬರುತ್ತಿದ್ದ. ಅವನನ್ನು ಸಸ್ಪೆಂಡ್ ಮಾಡಿದ್ದು ತೀರ್ಥಪ್ರಸಾದನೇ.

"ಹತ್ತೊಂಬತ್ತನೇ ತಾರೀಖು ಎಂತಾಯ್ತು?"

"ನಾನು ತಿದ್ದಿಲ್ಲ."

"ತಿದ್ದಿಲ್ಲ ಸರಿ, ಬರೆದದ್ದು ಯಾರು?"

"ನಾನು ತಿದ್ದಿಲ್ಲ, ಮಾವ. ಅಷ್ಟೇ. ಹೋಗುವ."

"ಎಲ್ಲಿಗೆ ಹೋಗುವುದು? ಸ್ಟೇಷನ್‌ಗಾ? ನೀನು ಯಾರನ್ನೋ ಮುಚ್ಚಿಡ್ತಾ ಇದ್ದೀ. ಜವರಿಯ ಕಾಲಿಗಿಂತ ದೊಡ್ಡವರಾ ಅವರು?"

ಅವಳ ಮುಖ ಬಿಳಿಚಿತು. ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಳು.

ತೀರ್ಥಪ್ರಸಾದ್ ನವೀನನ ಮೇಜಿಗೆ ಬಾಗಿದ. "ಯಾರು ಬಂದ್ರು, ಯಾವಾಗ ಬಂದ್ರು ಅಂತ ಆ ಹಳೆ ಮಷೀನ್ ಬರೆದಿಡ್ತದಾ?"

"ಬರೀತದೆ ಸಾರ್. ಎಲ್ಲದುಕ್ಕೂ ಲಾಗ್ ಇರ್ತದೆ."

"ಆರು ದಿನದಿಂದ ನೀನು ಇದನ್ನು ಹೇಳ್ಲಿಲ್ಲ!"

"ಹಳೇದು ಆನ್ ಐತೆ ಅಂತ ಹೇಳ್ಬೇಕಾಗಿತ್ತಲ್ಲ ಸಾರ್, ಅದುಕ್ಕೆ."

"ತೆಗಿ."

ನವೀನ್ ಕೀಲಿಮಣೆ ಕುಟ್ಟತೊಡಗಿದ. ಪಾಸ್‌ವರ್ಡ್ ತಪ್ಪು ಎಂದಿತು. ಮತ್ತೆ ತಪ್ಪು. ಫೋನಿಗೆ ಬರಬೇಕಾದ ಒಟಿಪಿ ಬರಲಿಲ್ಲ. ಬಂದಾಗ ಸಮಯ ಮೀರಿತ್ತು. ಕರೆಂಟು ಒಮ್ಮೆ ಹೋಗಿ ಬಂತು. ಗಡಿಯಾರದಲ್ಲಿ ಮೂರು ಕಾಲು. ತೀರ್ಥಪ್ರಸಾದ್ ಯಾವ ದೇವರಿಗೆ ಬೈಯುವುದು ಎಂದು ತಿಳಿಯದೆ ಗೋಡೆಯ ಕ್ಯಾಲೆಂಡರಿಗೆ ಬೈದ.

ಕೊನೆಗೆ ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಇಳಿದವು.

"ಹತ್ತೊಂಬತ್ತು, ಬೆಳಿಗ್ಗೆ," ನವೀನ್ ಓದಿದ. "ಎಂಟು ಆರಕ್ಕೆ ಹೊನ್ನೆಬಾಣೆಯಿಂದ ಒಂಬತ್ತು ಇಪ್ಪತ್ತು ಬಂದೈತೆ. ಎಂಟು ಇಪ್ಪತ್ತೆಂಟಕ್ಕೆ ಯಾರೋ ಆ ಪುಟ ತೆಗೆದವ್ರೆ. ಎಂಟು ಮೂವತ್ತೊಂದಕ್ಕೆ, ಇದು ಹೊಸ ಮಷೀನಿನ ಲಾಗ್, ಅದೇ ಜಾಗದಿಂದ ಕವನ ಮೇಡಂ ಪಾಸ್‌ವರ್ಡ್‌ನಲ್ಲಿ ಮೂರು ಇಪ್ಪತ್ತು ಬಿದ್ದೈತೆ."

"ಅದೇ ಜಾಗ ಅಂದ್ರೆ?"

"ನೋಡೋಕೆ ಬರೋರಿಗೂ ಒಂದು ನಂಬರ್ ಇರ್ತದೆ ಸಾರ್. ಸೈಟಿಗೆ ಇದ್ದಂಗೇ."

"ಯಾರ ನಂಬರ್?"

"ನೋಡ್ಬೋದು. ಇದು ನಮ್ ಫೈಬರ್ ಲೈನಿಂದೇ. ಮಾದಾಪುರ ಕಡೆ ಲೈನೆಲ್ಲ ನಾವೇ ಎಳ್ದಿರೋದು, ಮನೆಗೊಂದು ನಂಬರ್ ಕಟ್ಟಿದೀವಿ. ಲಿಸ್ಟ್ ಐತೆ."

"ನವೀನ್, ಬೇಡ," ಎಂದಳು ಕವನ.

ಅವಳ ದನಿಯಲ್ಲಿ ಏನೋ ಇತ್ತು. ನವೀನನ ಬೆರಳು ನಿಂತಿತು.

"ತೆಗ್ದು ತೋರ್ಸು," ಎಂದ ತೀರ್ಥಪ್ರಸಾದ್.

ಪಟ್ಟಿಯಲ್ಲಿ ಎಡಕ್ಕೆ ನಂಬರು, ಬಲಕ್ಕೆ ಮನೆತನದ ಹೆಸರು. ಊರಲ್ಲಿ ಡೋರ್ ನಂಬರ್ ಹೇಳುವವರು ಯಾರೂ ಇಲ್ಲವಲ್ಲ, ಮನೆಯ ಹೆಸರೇ ವಿಳಾಸ. ನವೀನ್ ಬೆರಳು ಇಳಿಸುತ್ತಾ ಬಂದು ಒಂದು ಕಡೆ ನಿಲ್ಲಿಸಿದ. ಓದಲಿಲ್ಲ. ಮಾನಿಟರನ್ನು ಮೆಲ್ಲಗೆ ತೀರ್ಥಪ್ರಸಾದನ ಕಡೆ ತಿರುಗಿಸಿ, ತಾನು ಬೇರೆ ಕಡೆ ನೋಡಿದ.

ತೊರೆಮೂಲೆ ಮನೆ.

ಅದು ತೀರ್ಥಪ್ರಸಾದನ ಮನೆ.

ಹೊರಗೆ ಒಂದು ಜೀಪು ಹಾರ್ನ್ ಹೊಡೆಯುತ್ತಾ ಹೋಯಿತು.

"ಅದಕ್ಕೇ ಬೇಡ ಅಂದದ್ದು," ಕವನ ಪಿಸುಗುಟ್ಟಿದಳು. "ಎಷ್ಟು ಸಲ ಅಂದೆ. ನೀವು ಕೇಳ್ಲಿಲ್ಲ."

"ನಾನು ಆ ದಿನ..." ಅವನಿಗೆ ನೆನಪಾಯಿತು. ಆ ಬೆಳಿಗ್ಗೆ ಏಳಕ್ಕೇ ಅವನು ಪಿಂಚಣಿದಾರರ ಸಂಘದ ಕೆಲಸಕ್ಕೆ ಸೋಮವಾರಪೇಟೆಗೆ ಹೊರಟಿದ್ದ. ಮನೆಯಲ್ಲಿ ಉಳಿದದ್ದು ಒಬ್ಬಳೇ.

"ನನ್ನ ಅಕ್ಕ ಗಾನವಿಗೆ ಹೆರಿಗೆ ನೋವು ಬಂತು ಅಂತ ಫೋನ್ ಬಂತು. ಆರೂವರೆ ಬಸ್ಸಿಗೆ ವಿರಾಜಪೇಟೆಗೆ ಹೋಗ್ಬೇಕಿತ್ತು. ಒಂಬತ್ತು ಸಾಲು ಬರೀಲಿಕ್ಕೆ ಯಾರಾದ್ರೂ ಬೇಕಿತ್ತು. ಟೀಚರ್‌ಗೆ ಪಾಸ್‌ವರ್ಡ್ ಕೊಟ್ಟೆ." ಅವಳು ಮುಖ ಒರೆಸಿಕೊಂಡಳು. "ನನಗೆ ಅಂಕಿ ಬರೀಲಿಕ್ಕೆ ಕಲಿಸಿದ್ದೇ ಅವರು. ಬೇರೆ ಯಾರನ್ನು ನಂಬಲಿ?"

"ಕೈತಪ್ಪು," ಎಂದ ತೀರ್ಥಪ್ರಸಾದ್. ತನ್ನ ದನಿ ಬೇರೆ ಯಾರದೋ ಹಾಗೆ ಕೇಳಿತು. "ಕನ್ನಡಕ ಹಾಕಿರ್ಲಿಕ್ಕಿಲ್ಲ. ಬೆರಳು ಜಾರಿರ್ತದೆ. ಗೊತ್ತೇ ಆಗಿರ್ಲಿಕ್ಕಿಲ್ಲ ಅವಳಿಗೆ."

"ಸಾರ್," ನವೀನ್ ನೆಲ ನೋಡುತ್ತಾ ಹೇಳಿದ. "ಇನ್ನೆರಡು ಸಾಲೈತೆ."

"ಓದು."

"ಎಂಟು ಮೂವತ್ನಾಲ್ಕಕ್ಕೆ ಅದೇ ಮನೆಯಿಂದ ಹಳೇ ಪುಟ ಇನ್ನೊಂದ್ ಸಲ ತೆಗೆದವ್ರೆ. ಒಂಬತ್ತು ಇಪ್ಪತ್ತು ಇದ್ದ ಪುಟ. ಎಂಟು ಮೂವತ್ತೈದಕ್ಕೆ ಹೊಸಾದು ತೆಗೆದವ್ರೆ. ಮೂರು ಇಪ್ಪತ್ತು ಇದ್ದ ಪುಟ." ಅವನು ಎರಡು ಸಾಲಿನ ಮೇಲೂ ಬೆರಳಿಟ್ಟ. "ಎರಡನ್ನೂ ನೋಡವ್ರೆ ಸಾರ್. ಬದಲಾಯ್ಸಿಲ್ಲ."

ಗುಡ್ಡ ಜಾರಿದ್ದು ಹತ್ತು ನಲವತ್ತಕ್ಕೆ. ನಡುವೆ ಎರಡು ಗಂಟೆ ಐದು ನಿಮಿಷ. ಒಂದು ಅಂಕಿ ತಿದ್ದಿದ್ದರೆ ಪುಟ ಕೆಂಪಾಗುತ್ತಿತ್ತು, ಸೈರನ್ ಕೂಗುತ್ತಿತ್ತು, ಜವರಿ ಹೊರಗೆ ಓಡುತ್ತಿದ್ದಳು. ಮಕ್ಕಳ ಪಟ್ಟಿಯಲ್ಲಿ ಅರ್ಧ ಅಂಕ ತಪ್ಪಿದರೂ ಮಧ್ಯಾಹ್ನದ ಊಟ ಬಿಟ್ಟು ತಿದ್ದುತ್ತಿದ್ದ ಹೆಂಗಸು, ನೋಡಿಯೂ ಯಾಕೆ ಬಿಟ್ಟಳು?

ಫೋನು ಹೊಡೆದುಕೊಂಡಿತು. ಮೊಣ್ಣಪ್ಪ.

"ಮೂರೂವರೆ ಆಯ್ತು ತೀರ್ಥ. ಎಲ್ಲರೂ ಬಂದಾಯ್ತು. ಸಿಕ್ತಾ ಇಲ್ವಾ?"

ಮೂವತ್ತೈದು ವರ್ಷದಲ್ಲಿ ತೀರ್ಥಪ್ರಸಾದ್ ಸಿಕ್ಕಿದ್ದನ್ನು ಸಿಕ್ಕಿಲ್ಲ ಎಂದವನಲ್ಲ. ಯೋಚಿಸುವ ಮೊದಲೇ ಬಾಯಿ ಹೇಳಿಯಾಗಿತ್ತು.

"ಸಿಕ್ಕಿತು."

ಕವನ ಅವನ ತೋಳು ಹಿಡಿದಳು. ಬೇಡ ಎಂದು ತಲೆಯಾಡಿಸಿದಳು. ನನ್ನ ಹೆಸರು ಹೇಳಿ ಎಂದು ಎದೆಯ ಮೇಲೆ ಬೆರಳಿಟ್ಟು ತೋರಿಸಿದಳು.

"ಭೇಷ್! ಯಾರು ಹೇಳು. ಸ್ಪೀಕರ್ ಹಾಕಿದ್ದೇನೆ, ಕಮಿಟಿ ಇಡೀ ಕೇಳ್ತದೆ. ಜವರಿಯ ತಮ್ಮನೂ ಇದ್ದಾನೆ. ಯಮುನ ಟೀಚರೂ ಈಗ ಬಂದು ಕೂತ್ರು, ಕರೆದದ್ದಲ್ಲ, ಅವರಾಗಿಯೇ ಬಂದದ್ದು."

ಫೋನಿನಲ್ಲಿ ಕುರ್ಚಿ ಎಳೆದ ಸದ್ದು. ಆಮೇಲೆ ನಲವತ್ತು ವರ್ಷದಿಂದ ದಿನವೂ ಕೇಳಿದ ದನಿ, ತರಗತಿಯಲ್ಲಿ ನಿಂತ ಹಾಗೆ ನೆಟ್ಟಗೆ.

"ಹೇಳಿ," ಎಂದಳು ಯಮುನ. "ಯಾರಂತ ನೀವೇ ಹೇಳಿ. ನೀವು ಹೇಳಿದ ಮೇಲೆ ಯಾಕಂತ ನಾನು ಹೇಳ್ತೇನೆ."

ಇಲ್ಲಿಗೆ ನಿಲ್ಲಿಸುತ್ತೇನೆ, ಗಂಟಲು ಒಣಗಿತು. ಯಾಕಂತ ಟೀಚರ್ ಹೇಳಿದ್ದು ಮುಂದಿನ ವಾರ. ನೀವು ಒಂದು ಉಪಕಾರ ಮಾಡಿ. ಕವನ ಮಾಡಿದ್ದು, ಕವನ ಮಾಡಿದ್ದು ಎಂದು ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ ಯಾರೆಲ್ಲ ಹೇಳಿಕೊಂಡು ತಿರುಗಿದರೋ, ಅವರ ಫೋನಿಗೆಲ್ಲ ಇದನ್ನು ದಾಟಿಸಿ. ಇಡೀ ಕಳುಹಿಸಿ, ಬೈಗುಳ ಬಂದ ಕಡೆ ಕತ್ತರಿಸಬೇಡಿ. ಅವರಿಗೂ ಸ್ವಲ್ಪ ಬೈಗುಳ ಬೇಕು.